ಜೋಡಿ ಫೋಟೋಗೊಂದು ಸಾಫ್ಟ್‌ವೇರ್

ಫೋಟೋ ತೆಗೆಯುವುದೇನು ಮಹಾ, ಗುಂಡಿ ಒತ್ತಿದರೆ ಬೀಳುತ್ತದೆ. ಫೋಟೋದಲ್ಲಿ ಬಿದ್ದವರನ್ನು ಒಂದು ಕಡೆ ಕೂರಿಸಿ ಇಟ್ಟುಕೊಳ್ಳುವುದಿದೆಯಲ್ಲ, ಅದಕ್ಕೆ ಏಳು ಜನ್ಮದ ಪುಣ್ಯ ಬೇಕು. ಸೀರೆಗೆ ಫಾಲ್ಸ್ ಹಚ್ಚಿಕೊಂಡು, ಪಿಕೊ ಹೊಡೆದುಕೊಂಡು ತಣ್ಣಗಿದ್ದವಳು ನಾನು. ಐವತ್ತು ದಾಟಿದ ಮೇಲೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೆ. ಯಾರೂ ಬಲವಂತ ಮಾಡಿರಲಿಲ್ಲ. ಊರಿನ ಫೋಟೋಗ್ರಾಫರ್ ಚಿಕ್ಕರಂಗಪ್ಪನವರಿಗೆ ಕಣ್ಣಿನ ಪೊರೆ ಬಂದು ಅಂಗಡಿ ಮುಚ್ಚುವಾಗ, "ಸೂಜಿಗೆ ದಾರ ಪೋಣಿಸೋ ಕಣ್ಣು ನಿಂದು ಪಂಕಜಾ, ನೀನೇ ತಗೊ," ಅಂದರು. ಹೊಗಳಿಕೆಗೆ ಉಬ್ಬಿ ತೆಗೆದುಕೊಂಡುಬಿಟ್ಟೆ.

ನಮ್ಮೂರಿನ ಫೋಟೋಗಳಲ್ಲಿ ಜನ ಕೂತಲ್ಲಿ ಕೂರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಫೋಟೋ ಇದ್ದರೆ ಸಾಕು, ಎದ್ದು ಅಲ್ಲಿಗೆ ಹೋಗಿಬರುತ್ತಾರೆ. ಅದಕ್ಕೆ ನಾವೆಲ್ಲ ಒಗ್ಗಿಕೊಂಡಿದ್ದೇವೆ. ಮನೆಗೆ ಬಂದ ನೆಂಟರಿಗೆ "ಅಜ್ಜಿ ಇವತ್ತಿಲ್ಲ, ಮೊಮ್ಮಗನ ನಾಮಕರಣದ ಫೋಟೋಗೆ ಹೋಗಿದಾರೆ" ಎಂದು ಹೇಳಿ ಖಾಲಿ ಚೌಕಟ್ಟಿಗೇ ಹೂ ಮುಡಿಸುತ್ತೇವೆ. ಮಾತು ಬಿಟ್ಟ ಓರಗಿತ್ತಿಯರ ಫೋಟೋಗಳನ್ನು ಒಂದೇ ಗೋಡೆಗೆ ಹಾಕುವುದಿಲ್ಲ. ಗುರುತಿನ ಚೀಟಿಯನ್ನು ಸಿನಿಮಾದವರ ಕ್ಯಾಲೆಂಡರ್ ಹತ್ತಿರ ಇಡುವುದಿಲ್ಲ. ಇಟ್ಟರೆ ಬ್ಯಾಂಕಿನಲ್ಲಿ ಮುಖವಿಲ್ಲದ ಚೀಟಿ ತೋರಿಸಿ ಬೈಸಿಕೊಂಡು ಬರಬೇಕಾಗುತ್ತದೆ.

ಮದುವೆಗೂ ನಮ್ಮಲ್ಲಿ ಒಂದು ಪದ್ಧತಿಯಿದೆ. ನಿಶ್ಚಿತಾರ್ಥದ ದಿನ ಹುಡುಗ ಹುಡುಗಿಯನ್ನು ಎರಡು ಕುರ್ಚಿಯಲ್ಲಿ ಕೂರಿಸಿ ಜೋಡಿ ಫೋಟೋ ತೆಗೆಯಬೇಕು. ಮದುವೆಯ ತನಕ ಅದು ಫೋಟೋಗ್ರಾಫರ್ ಹತ್ತಿರ, ಊರಿನವರ ಉಳಿದೆಲ್ಲ ಫೋಟೋಗಳ ಜೊತೆಯಲ್ಲೇ ಇರಬೇಕು. ಬೇರೆ ತೆಗೆದಿಟ್ಟರೆ ಮೋಸ. ಧಾರೆಯ ದಿನ ಬೆಳಿಗ್ಗೆ ಹಿರಿಯರು ನೋಡುತ್ತಾರೆ. ಇಬ್ಬರೂ ಅವರವರ ಕುರ್ಚಿಯಲ್ಲಿದ್ದರೆ ಓಲಗದವರಿಗೆ ಸನ್ನೆ ಮಾಡುತ್ತಾರೆ. ಒಂದು ಕುರ್ಚಿ ಖಾಲಿಯಿದ್ದರೂ ಅಡುಗೆಯವರಿಗೆ ಒಲೆ ಆರಿಸಲು ಹೇಳುತ್ತಾರೆ.

ನಾನು ತೆಗೆದ ಮೊದಲನೇ ಜೋಡಿ ಫೋಟೋ ನಮ್ಮ ನಾಗವೇಣಿಯದೇ ಆಗಬೇಕೇ! ನಾಗವೇಣಿ ನನ್ನ ಅಣ್ಣನ ಮಗಳು. ಅಣ್ಣ ಅತ್ತಿಗೆ ಇಬ್ಬರೂ ಹೋದ ಮೇಲೆ ನನ್ನ ಮಡಿಲಲ್ಲೇ ಬೆಳೆದವಳು. ಕರೆಂಟಿನ ಮೀಟರ್ ಓದುವ ಕೆಲಸ ಅವಳಿಗೆ. ಬೆಳಗಾದರೆ ಹೊರಟು ಬೀದಿ ಬೀದಿ ಸುತ್ತಿ, ಕಾಲೆಲ್ಲ ಧೂಳು ಮಾಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಹುಡುಗ ಪ್ರಸನ್ನಕುಮಾರ, ಬೀಜ ಗೊಬ್ಬರದ ಅಂಗಡಿಯವನು. ಮೆತ್ತಗಿನ ಸ್ವಭಾವ, ಮಾತು ಕಮ್ಮಿ. ಮೀಟರ್ ನೋಡಲು ಹೋದಾಗಲೆಲ್ಲ ಒಂದು ಲೋಟ ಮಜ್ಜಿಗೆ ಕೊಟ್ಟು ಕೊಟ್ಟೇ ನಮ್ಮ ಹುಡುಗಿಯ ಮನಸ್ಸು ಗೆದ್ದಿದ್ದ. "ಒಳ್ಳೇವ್ರು ಅತ್ತೆ. ನನ್ನನ್ನ ಕೂತ್ಕೊ ಅಂತ ಹೇಳಲ್ಲ, ದಣಿದಿದೀಯಾ ಅಂತ ಕೇಳ್ತಾರೆ," ಎಂದು ಅವಳು ಹೇಳಿದಾಗ ಮುಖ ಕೆಂಪಗಾಗಿತ್ತು. ಅವಳಿಗೆ ಈ ಮದುವೆ ಬೇಕಾಗಿತ್ತು. ಅವಳಿಗೆ ಬೇಕಾದ್ದನ್ನು ನನ್ನ ಲ್ಯಾಪ್‌ಟಾಪಿನೊಳಗೆ ಇಟ್ಟುಕೊಂಡು ಕಾಯುವ ಕರ್ಮ ನನ್ನದಾಯಿತು.

ಇಡುವುದು ಹೇಗೆ ಎಂದು ಕಂಪ್ಯೂಟರ್ ರಿಪೇರಿಯ ಮುನೀರನನ್ನು ಕೇಳಿದೆ. ಅವನು ಅಂಗಡಿಗೇ ಬಂದು, ಮೇಜಿನ ಮೇಲಿನ ಸೀರೆಗಳನ್ನು ಸರಿಸಿ, "ಅಕ್ಕಾ, ನಿಮಗೆ ಎಡಿಟಿಂಗ್ ಬೇಕಾ, ಮ್ಯಾನೇಜ್‌ಮೆಂಟ್ ಬೇಕಾ, ಎರಡೂ ಬೇಕಾ?" ಎಂದ.

"ನಂಗೆ ಅವಳು ಕುರ್ಚಿ ಬಿಟ್ಟು ಏಳಬಾರದು. ಅಷ್ಟೆ."

"ಅದು ಎಡಿಟಿಂಗಲ್ಲಿ ಬರಲ್ಲ, ಮ್ಯಾನೇಜ್‌ಮೆಂಟಲ್ಲಿ ಬರುತ್ತೆ. ಅಂದ್ರೆ, ಎಡಿಟಿಂಗಲ್ಲೂ ಬರುತ್ತೆ. ಆದ್ರೆ ಹಂಗೆ ಬರಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಅಂದೆ. ಅವನು ನಕ್ಕು ಹಲವು ಸಾಫ್ಟ್‌ವೇರುಗಳ ಹೆಸರು ಹೇಳಿದ. ಒಂದೂ ನನ್ನ ನಾಲಿಗೆಗೆ ಹತ್ತಲಿಲ್ಲ. ಒಂದು ತಾರೀಖಿನ ಪ್ರಕಾರ ಜೋಡಿಸುತ್ತದಂತೆ. ಒಂದು ಮುಖ ನೋಡಿ ಜೋಡಿಸುತ್ತದಂತೆ. ಇನ್ನೊಂದಕ್ಕೆ ಬೀಗವಿದೆಯಂತೆ. ಎಲ್ಲದಕ್ಕೂ ಟ್ರಯಲ್ ಇದೆ, ಬಳಸಿ ನೋಡಿ ಯಾವುದು ಸರಿಹೋಗುತ್ತದೋ ಅದನ್ನು ಇಟ್ಟುಕೊಳ್ಳಿ ಎಂದ. ಸೀರೆಯಾದರೆ ಬಣ್ಣ ನೋಡಿ, ಸೆರಗು ಮುಟ್ಟಿ ಹೇಳಬಹುದು. ಇದನ್ನು ಏನು ಮುಟ್ಟಿ ನೋಡುವುದು? ಯಾವುದೋ ಒಂದರಿಂದ ಶುರುಮಾಡು ಮಾರಾಯ ಅಂದೆ, ತಾರೀಖಿನದನ್ನು ಹಾಕಿಕೊಟ್ಟು ಹೋದ.

ಮಾರನೆಯ ದಿನ ತೆಗೆದು ನೋಡುತ್ತೇನೆ, ಪ್ರಸನ್ನಕುಮಾರ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಹೇಗೆ ಕೂತಿದ್ದನೋ ಹಾಗೇ ಕೂತಿದ್ದಾನೆ, ಪಕ್ಕದ ಕುರ್ಚಿ ಖಾಲಿ! ಹುಡುಕಿದರೆ ನಮ್ಮ ಹುಡುಗಿ ಆಚೆ ತಾರೀಖಿನ ಸಂತೆಯ ಫೋಟೋದಲ್ಲಿ ನಿಶ್ಚಿತಾರ್ಥದ ಸೀರೆಯಲ್ಲೇ ನಿಂತು ಬದನೆಕಾಯಿ ಆರಿಸುತ್ತಿದ್ದಾಳೆ. ಸಂಜೆ ನೋಡಿದರೆ ಕುರ್ಚಿಗೆ ವಾಪಸ್ಸು. ಮರುದಿನ ಮತ್ತೆ ಖಾಲಿ. ಆ ದಿನ ಬಸ್‌ಸ್ಟ್ಯಾಂಡಿನ ಫೋಟೋದಲ್ಲಿದ್ದಳು, ಅದರ ಮರುದಿನ ಯಾರದೋ ಗೃಹಪ್ರವೇಶದಲ್ಲಿ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದಳು.

ಇದಕ್ಕೇನು ಅರ್ಥ? ಹುಡುಗಿಗೆ ಒಳಗೊಳಗೇ ಮನಸ್ಸಿಲ್ಲವೇ? ಅನ್ನ ಬಡಿಸುತ್ತಾ ಅವಳನ್ನೇ ಕೇಳಿದೆ. "ನಿಂಗೆ ಅವನು ಬೇಡ್ವೇನೇ? ಬೇಡ ಅಂದ್ರೆ ಈಗ್ಲೇ ಹೇಳ್ಬಿಡು."

"ಅಯ್ಯೋ, ಯಾರು ಹೇಳಿದ್ರು?"

"ನೀನೇ ಹೇಳ್ತಿದೀಯಲ್ಲ, ದಿನಾ ಎದ್ದು ಹೋಗಿ."

ಅವಳು ತುತ್ತು ಕೈಯಲ್ಲಿ ಹಿಡಿದು ಜೋರಾಗಿ ನಕ್ಕಳು. "ನಾನು ತಿರುಗೋಳು ಅತ್ತೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಕುರ್ಚೀಲಿ ನಾನು ಎಲ್ಲಿ ಕೂತಿದೀನಿ, ಅವಳು ಕೂರೋಕೆ? ಸಂಜೆ ಬರ್ತಾಳಲ್ಲ, ಬಿಡಿ."

ಚಿಕ್ಕರಂಗಪ್ಪನವರದೂ ಅದೇ ಮಾತು. ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದರು. "ಎಲ್ಲರೂ ಎದ್ದು ಹೋಗ್ತಾರೆ ಕಣಮ್ಮ. ಬರಬೇಕು ಅನ್ಸಿದೋರು ಬರ್ತಾರೆ. ಪದೇ ಪದೇ ಪೆಟ್ಟಿಗೆ ತೆಗೆದು ನೋಡಬಾರದು," ಅಂದರು. ಅವರಿಗೇನು, ಅವರದು ಬೀಗ ಹಾಕಿದ ಟ್ರಂಕು. ನನ್ನದು ಅಂಗಡಿಯ ಮುಂದಿನ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿರುವ ಲ್ಯಾಪ್‌ಟಾಪು. ಅಲ್ಲದೆ ಅವರಿಗೆ ಸರ್ವಮಂಗಳಮ್ಮನ ಕಾಟ ಇರಲಿಲ್ಲ.

ಸರ್ವಮಂಗಳಮ್ಮ ಅಂದರೆ ಪ್ರಸನ್ನಕುಮಾರನ ತಾಯಿ. ಕೆಟ್ಟವರಲ್ಲ, ಆದರೆ ಮನೆಯ ಚಮಚ ಕೂಡ ನಿನ್ನೆ ಇಟ್ಟ ಜಾಗದಲ್ಲೇ ಇವತ್ತೂ ಇರಬೇಕು ಅನ್ನುವ ಜಾತಿ. ಮದುವೆ ಗೊತ್ತಾದ ಮೇಲೆ ಆಕೆಗೆ ಇದ್ದಕ್ಕಿದ್ದಂತೆ ಸೀರೆಗಳಿಗೆಲ್ಲ ಫಾಲ್ಸ್ ಬೇಕಾಯಿತು. ಒಂದೊಂದೇ ಸೀರೆ ಹಿಡಿದುಕೊಂಡು ಬರುವುದು, ಲ್ಯಾಪ್‌ಟಾಪಿನ ಕಡೆ ಕತ್ತು ಚಾಚುವುದು. "ಮಕ್ಕಳು ಹೇಗಿದಾರೆ, ಸ್ವಲ್ಪ ತೋರಿಸ್ರಿ," ಎನ್ನುವುದು. ಕರೆಂಟಿಲ್ಲ, ಚಾರ್ಜಿಲ್ಲ, ಪಾಸ್‌ವರ್ಡ್ ಮರೆತೆ ಎಂದು ಎಷ್ಟು ಸುಳ್ಳು ಹೇಳಲಿ? ಒಂದು ಸಂಜೆ ಧೈರ್ಯವಾಗಿ ತೋರಿಸಿದೆ. ಇಬ್ಬರೂ ಇದ್ದರು. ಆಕೆ ಕನ್ನಡಕ ಏರಿಸಿ ನೋಡಿ, "ಹುಡುಗಿ ಕಾಲಲ್ಲಿ ಅದೇನ್ರೀ ಧೂಳು?" ಅಂದರು. ಲೆನ್ಸಿನ ಮೇಲಿನದು ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಹೆದರಿ ಮುನೀರನಿಗೆ ಫೋನ್ ಮಾಡಿ ಸಾಫ್ಟ್‌ವೇರ್ ಬದಲಾಯಿಸಿಕೊಂಡೆ. ಮುಖ ನೋಡಿ ಜೋಡಿಸುವುದು ಬಂತು. ಅಯ್ಯಪ್ಪಾ, ಅದರ ಅವಾಂತರ ಕೇಳಬೇಡಿ! ನಾನು ಕಲಿಯುವಾಗ ನಾಗವೇಣಿಯನ್ನೇ ನಿಲ್ಲಿಸಿ ಕೂರಿಸಿ ಬೇಕಾದಷ್ಟು ಫೋಟೋ ತೆಗೆದಿದ್ದೆನಲ್ಲ, ಆ ಎಲ್ಲ ನಾಗವೇಣಿಯರನ್ನೂ ಅದು ತಂದು ಜೋಡಿ ಫೋಟೋದೊಳಗೇ ತುಂಬಿತು. ಚೂಡಿದಾರದವಳು, ನೈಟಿಯವಳು, ತಲೆಗೆ ಎಣ್ಣೆ ಹಚ್ಚಿಕೊಂಡವಳು ಎಲ್ಲರೂ ಒಂದೇ ಕುರ್ಚಿಗೆ ನೂಕುನುಗ್ಗಲು ಮಾಡುತ್ತಿದ್ದರು. ಪ್ರಸನ್ನಕುಮಾರ ಒಂದು ಮೂಲೆಗೆ ಒತ್ತರಿಸಿಕೊಂಡು, ಆಗಲೂ ಮೊಣಕಾಲ ಮೇಲೆ ಕೈಯಿಟ್ಟುಕೊಂಡೇ ಇದ್ದ. ಎಂಥ ತಾಳ್ಮೆಯ ಹುಡುಗ ಎಂದು ನನಗೆ ಆಗ ಬಹಳ ಮೆಚ್ಚುಗೆಯಾಯಿತು.

"ಅದು ಮುಖ ಗುರುತಿಸುತ್ತೆ ಅಕ್ಕಾ, ಯಾವ ಮುಖ ಬೇಕು ಅಂತ ಅದಕ್ಕೆ ಗೊತ್ತಾಗಲ್ಲ," ಎಂದ ಮುನೀರ. "ಬೀಗದ್ದೇ ಹಾಕಿಬಿಡ್ತೀನಿ. ಗಟ್ಟಿ ಸಾಫ್ಟ್‌ವೇರು, ಒಬ್ರೂ ಅಲ್ಲಾಡಲ್ಲ."

ಬೀಗದ್ದು ನಿಜವಾಗಿಯೂ ಗಟ್ಟಿ. ನಾಗವೇಣಿ ಕುರ್ಚಿಯಲ್ಲೇ ಉಳಿದಳು. ಎರಡು ದಿನ ನೆಮ್ಮದಿಯಾಗಿ ಊಟ ಮಾಡಿದೆ. ಆಮೇಲೆ ಹಿಂದಿನ ಬೀದಿಯ ಜಯಶೀಲಮ್ಮ ಬಂದರು. ತೀರಿಹೋದ ಯಜಮಾನರದೊಂದು, ತಮ್ಮ ವಯಸ್ಸಿನ ಕಾಲದ್ದೊಂದು ಹಳೆಯ ಫೋಟೋ ನನ್ನ ಹತ್ತಿರ ಸ್ಕ್ಯಾನ್ ಮಾಡಿಸಿ ಇಟ್ಟಿದ್ದರು. ಯಜಮಾನರು ಮಧ್ಯಾಹ್ನದ ಹೊತ್ತು ತಮ್ಮ ಫೋಟೋದಿಂದ ಎದ್ದು ಹೆಂಡತಿಯ ಫೋಟೋಗೆ ಹೋಗಿ ಕೂರುತ್ತಿದ್ದರು. ಅದನ್ನು ನೋಡುವುದಕ್ಕೆಂದೇ ಜಯಶೀಲಮ್ಮ ಊಟ ಮುಗಿಸಿ ನನ್ನ ಅಂಗಡಿಗೆ ಬರುವ ರೂಢಿ.

"ನಮ್ಮೋರು ಬರ್ತಾನೇ ಇಲ್ವಲ್ಲ ಪಂಕಜಾಕ್ಷಿ. ನಾನೇನಾದ್ರೂ ಅಂದ್ನಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನೋಡಿದರೆ ಯಜಮಾನರು ತಮ್ಮ ಚೌಕಟ್ಟಿನ ಅಂಚಿಗೆ ಬಂದು, ಗಾಜಿಗೆ ಹಣೆ ಹಚ್ಚಿ ನಿಂತಿದ್ದಾರೆ. ನಾಗವೇಣಿಯ ಕಡೆ ತಿರುಗಿದೆ. ಅವಳು ಕುರ್ಚಿಯಲ್ಲೇನೋ ಇದ್ದಳು, ಆದರೆ ನನಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕೂತಿದ್ದಳು. ಒಬ್ಬರಿಗೆ ಮಾತ್ರ ಬೀಗ ಹಾಕಲು ಬರುವುದಿಲ್ಲವೇ ಎಂದು ಮುನೀರನನ್ನು ಕೇಳಿದೆ. ಹಾಕಿದರೆ ಎಲ್ಲರಿಗೂ ಎಂದ. ಹಾಳಾಗಿ ಹೋಗಲಿ ಎಂದು ಬೀಗ ತೆಗೆಸಿದೆ.

ಹೀಗೆ ತೆಗೆಯುವುದು ಹಾಕುವುದು ಮಾಡುತ್ತಾ ಮದುವೆ ಹತ್ತಿರ ಬಂದೇಬಿಟ್ಟಿತು. ಊರಲ್ಲಿ ಪ್ರತಿಯೊಬ್ಬರೂ ನನಗೆ ಸಾಫ್ಟ್‌ವೇರ್ ಪಾಠ ಹೇಳುವವರೇ. ಫೋನಿನಲ್ಲಿ ಇಡಿ ಎಂದು ಹಾಲಿನವನು ಹೇಳಿದ, ಫೋನಿನಲ್ಲಿ ಮಾತ್ರ ಇಡಬೇಡಿ ಎಂದು ಅವನ ಹೆಂಡತಿ ಹೇಳಿದಳು. ಹೊಸಬರಿಗೆ ಸುಲಭದ್ದೇ ಸಾಕು ಎಂದರು ಕೆಲವರು, ಸುಲಭದ್ದು ತೆಗೆದುಕೊಂಡರೆ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ ಎಂದರು ಇನ್ನು ಕೆಲವರು. ಎತ್ತು ಏರಿಗೆ, ಕೋಣ ನೀರಿಗೆ. ನನಗೆ ತಲೆ ಕೆಟ್ಟು, ಒಂದು ಸೀರೆಗೆ ಎರಡೂ ಅಂಚಿಗೆ ಫಾಲ್ಸ್ ಹಚ್ಚಿಬಿಟ್ಟೆ.

ಕೊನೆಗೆ ಮುನೀರ ಎಡಿಟಿಂಗಿನ ಸಾಫ್ಟ್‌ವೇರ್ ತಂದ. ಒಂದು ಫೋಟೋದಲ್ಲಿರುವವರ ನಕಲು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದನ್ನು ತೋರಿಸಿಕೊಟ್ಟ. ಬಟ್ಟೆ ಕತ್ತರಿಸುವ ಕೈ ನನ್ನದು, ಇದೊಂದು ಮಾತ್ರ ಕೂಡಲೇ ಹತ್ತಿತು. "ಅಂಟಿಸಿದೋರು ಎದ್ದು ಹೋಗಲ್ಲ ಅಕ್ಕಾ, ಅವರಿಗೆ ನಡೆಯೋಕೆ ಬರಲ್ಲ," ಎಂದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ. ನನಗೆ ಅದು ಬೇಕಿರಲಿಲ್ಲ. ನಾಗವೇಣಿ ಸಂಜೆಗೆ ಬರುತ್ತಾಳೆ, ಧಾರೆ ಬೆಳಗಿನ ಹೊತ್ತು, ಅವಳು ಇನ್ನೂ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ, ದೇವರಿದ್ದಾನೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮದುವೆಯ ಹಿಂದಿನ ದಿನ ಸುಡುವ ಮಧ್ಯಾಹ್ನ ಸರ್ವಮಂಗಳಮ್ಮ ತಮ್ಮ ಕಡೆಯ ಹೆಂಗಸರ ಹಿಂಡನ್ನೇ ಕಟ್ಟಿಕೊಂಡು ಅಂಗಡಿಗೆ ಬಂದರು. "ಇವರೆಲ್ಲ ಪರಸ್ಥಳದವರು, ನಮ್ಮ ಸೊಸೆ ನೋಡ್ಬೇಕಂತೆ," ಎಂದು ಕುರ್ಚಿ ಎಳೆದುಕೊಂಡರು. ಕಾಫಿ ಕುಡಿದು ನೋಡುವಿರಂತೆ ಎಂದು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಓಡಿದೆ. ತೆರೆದರೆ ಖಾಲಿ ಕುರ್ಚಿ. ಸಂತೆಯಲ್ಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಹೊರಗೆ ಹೆಂಗಸರ ಬಳೆ ಸದ್ದು. ನಿಶ್ಚಿತಾರ್ಥದ ದಿನವೇ ಹಿತ್ತಿಲಲ್ಲಿ ತೆಗೆದ ಇನ್ನೊಂದು ಫೋಟೋ ಕಣ್ಣಿಗೆ ಬಿತ್ತು. ಅದೇ ಸೀರೆ, ಅದೇ ಜಡೆ. ಒಗೆಯುವ ಕಲ್ಲಿನ ಮೇಲೆ ಕೂತು, ನಾನು ಕ್ಯಾಮೆರಾ ತಲೆಕೆಳಗೆ ಹಿಡಿದದ್ದಕ್ಕೆ ನನ್ನನ್ನು ನೋಡಿ ನಗುತ್ತಿದ್ದಾಳೆ. ಸುತ್ತ ಕತ್ತರಿಸಿ ತಂದು, ಪ್ರಸನ್ನಕುಮಾರನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ.

ಹೆಂಗಸರೆಲ್ಲ ನೋಡಿ ಸೊಸೆ ನಗುಮುಖದವಳು ಎಂದು ಹೊಗಳಿದರು. ಸರ್ವಮಂಗಳಮ್ಮ ಮೊದಲ ಬಾರಿಗೆ ನನ್ನ ಕೈ ಹಿಡಿದು, "ಕಾಲಲ್ಲಿ ಧೂಳೂ ಇಲ್ಲ ಈಗ," ಅಂದರು. ಅವರು ಹೋದ ತಕ್ಷಣ ಅಂಟಿಸಿದ್ದನ್ನು ತೆಗೆದುಬಿಡಬೇಕು ಎಂದಿದ್ದೆ. ಅಷ್ಟರಲ್ಲಿ ಹೂವಿನವರು ಬಂದರು, ಬಳೆಗಾರ್ತಿ ಬಂದಳು, ಚಪ್ಪರದವನು ಹಗ್ಗ ಸಾಲದು ಎಂದು ಕೂಗಿದ. ಲ್ಯಾಪ್‌ಟಾಪ್ ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಬೆಳಿಗ್ಗೆ ಛತ್ರದಲ್ಲಿ ಎರಡೂ ಕಡೆಯ ಹಿರಿಯರು ಚಾಪೆಯ ಮೇಲೆ ಕೂತರು. ನಾಗವೇಣಿ ಬಾಸಿಂಗ ಕಟ್ಟಿಕೊಂಡು ನನ್ನ ಪಕ್ಕ, ಪ್ರಸನ್ನಕುಮಾರ ಪೇಟ ಸುತ್ತಿಕೊಂಡು ತಾಯಿಯ ಪಕ್ಕ. ನಾನು ಫೋಟೋ ತೆರೆದೆ. ಎಲ್ಲರೂ ಬಗ್ಗಿದರು.

ಫೋಟೋದಲ್ಲಿ ಮೂರು ಜನ ಇದ್ದರು. ಪ್ರಸನ್ನಕುಮಾರ, ಅವನ ಪಕ್ಕದ ಕುರ್ಚಿಯಲ್ಲಿ ನಗುತ್ತಿರುವ ನಾಗವೇಣಿ, ಅವರ ಹಿಂದೆ ನಿಂತಿರುವ ನಾಗವೇಣಿ. ನಿಂತವಳ ಸೀರೆ ಸೊಂಟಕ್ಕೆ ಸಿಕ್ಕಿಸಿತ್ತು, ಪಾದ ಕೆಂಪು ಧೂಳು, ಮುಖ ಬಿಸಿಲಿಗೆ ಬಾಡಿತ್ತು. ಒಂದು ಕೈ ಪ್ರಸನ್ನಕುಮಾರನ ಭುಜದ ಮೇಲಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಸಂಜೆ ಮನೆಗೆ ಬಂದವಳು ತನ್ನ ಜಾಗದಲ್ಲಿ ಬೇರೆಯವಳನ್ನು ಕಂಡು, ಇಡೀ ರಾತ್ರಿ ಹಾಗೆ ನಿಂತಿದ್ದಳು ಎಂದು ಹೊಳೆದು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಮುಂದಕ್ಕೆ ನೋಡುತ್ತಿದ್ದ.

"ಕುರ್ಚಿ ಎರಡೂ ತುಂಬಿದೆಯಲ್ಲ. ಸಂಬಂಧ ಗಟ್ಟಿ ಅಂತ್ಲೇ ಲೆಕ್ಕ," ಎಂದರು ಹಿರಿಯರಲ್ಲೊಬ್ಬರು. "ಹೆಚ್ಚಾದ್ರೆ ಏನು ಮಾಡ್ಬೇಕು ಅಂತ ನಮ್ಮಜ್ಜಂದಿರು ಹೇಳಿಲ್ವಲ್ಲ," ಎಂದರು ಇನ್ನೊಬ್ಬರು. ವಾದ ಶುರುವಾಯಿತು. ಸರ್ವಮಂಗಳಮ್ಮ ಗಡಿಯಾರ ನೋಡಿ, "ಮುಹೂರ್ತ ಮೀರುತ್ತೆ. ಆ ನಿಂತಿರೋಳನ್ನ ಅಳಿಸಿಬಿಡಿ ಪಂಕಜಮ್ಮ, ಆಯ್ತು," ಅಂದರು. ನಾನು ಮೌಸಿನ ಮೇಲೆ ಕೈಯಿಟ್ಟು ಕೂತಿದ್ದೆ. ಅಂಟಿಸಿದ್ದು ನಾನು ಎಂದು ಹೇಳಿದರೆ ಮೋಸ ಎಂದು ಮದುವೆ ನಿಲ್ಲುತ್ತದೆ. ಹೇಳದಿದ್ದರೆ ನಿಂತವಳು ಹೋಗುತ್ತಾಳೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕೊನೆಗೆ ಬಾಯಿ ತೆರೆದೆ. "ಇದರಲ್ಲಿ ಒಬ್ಬಳನ್ನ ನಾನು ನಿನ್ನೆ ಅಂಟಿಸಿದ್ದು," ಅಂದುಬಿಟ್ಟೆ.

ಗದ್ದಲ ಎದ್ದಿತು. ನಾಗವೇಣಿ ನನ್ನ ಕಡೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ಯಾರನ್ನ ಅಂಟಿಸಿದ್ದು ಅಂತ ಹೇಳ್ಬೇಡಿ ಅತ್ತೆ. ಅವರನ್ನ ಕೇಳೋಣ," ಅಂದಳು. ಲ್ಯಾಪ್‌ಟಾಪನ್ನು ಪ್ರಸನ್ನಕುಮಾರನ ಕಡೆ ತಿರುಗಿಸಿದಳು. "ನೋಡಿ. ಇದರಲ್ಲಿ ನಾನು ಯಾರು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೇಳಿಯೇ ಹೇಳುತ್ತಾನೆಂಬ ನಂಬಿಕೆಯಿತ್ತು. ನನಗೂ ಇತ್ತು. ಕುರುಡನೂ ಹೇಳಬಹುದಾಗಿತ್ತು. ಬಿಸಿಲು ತಿಂದ ಮುಖ, ಧೂಳಿನ ಕಾಲು, ಮಜ್ಜಿಗೆ ಕುಡಿಯಲು ಅವನ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದವಳು ಅವಳೇ ತಾನೇ. ಕೂತವಳಂತೂ ಅವನ ಕಡೆ ನೋಡುತ್ತಲೂ ಇರಲಿಲ್ಲ, ನನ್ನನ್ನು ನೋಡಿ ನಗುತ್ತಿದ್ದಳು.

ಪ್ರಸನ್ನಕುಮಾರ ಫೋಟೋ ನೋಡಿದ. ತಾಯಿಯ ಮುಖ ನೋಡಿದ. ಮತ್ತೆ ಫೋಟೋ ನೋಡಿದ. "ಕೂತಿರೋಳೇ ಅಲ್ವಾ," ಅಂದ, "ನಗ್ತಾ ಇದಾಳಲ್ಲ."

ಸರ್ವಮಂಗಳಮ್ಮ, "ಹೇಳಿದ್ನಲ್ಲ, ಇನ್ನೇನು?" ಎಂದು ಓಲಗದವರ ಕಡೆ ತಿರುಗಿದರು.

ನಾಗವೇಣಿ ಬಾಸಿಂಗದ ದಾರ ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು, ನಾನೇ ಕಟ್ಟಿದ್ದು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. "ಅತ್ತೆ," ಅಂದಳು, "ನಿಂತಿರೋಳನ್ನ ಬೇರೆ ತೆಗೀರಿ. ಅವಳು ನಮ್ಮ ಜೊತೆ ಬರ್ಲಿ. ಕೂತಿರೋಳನ್ನ ಇವರಿಗೆ ಕೊಟ್ಬಿಡಿ."

"ನಾಗವೇಣಿ, ನಾನು ಸರಿಯಾಗಿ ನೋಡ್ಲಿಲ್ಲ," ಎಂದ ಪ್ರಸನ್ನಕುಮಾರ. ಅವನ ಮುಖ ಬಿಳಿಚಿಕೊಂಡಿತ್ತು, ನನಗೆ ಅವನ ಮೇಲೂ ಕನಿಕರವಾಯಿತು. "ಗೊತ್ತು," ಅಂದಳು ಅವಳು.

ನಾನು ಮಾಡಿದ್ದು ಸರಿಯೋ ತಪ್ಪೋ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಅಂಟಿಸದಿದ್ದರೆ ಮದುವೆಯಾಗುತ್ತಿತ್ತು. ಆಗಿದ್ದರೆ ಚೆನ್ನಾಗಿರುತ್ತಿತ್ತೋ ಏನೋ, ದೇವರಿಗೇ ಗೊತ್ತು. ಆ ಹೊತ್ತಿನಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಕತ್ತರಿಸುವುದೊಂದೇ. ನಿಂತವಳನ್ನು, ನಕಲನ್ನಲ್ಲ ಅವಳನ್ನೇ, ಧೂಳಿನ ಪಾದ ಸಮೇತ, ಭುಜದ ಮೇಲಿಟ್ಟ ಕೈಯನ್ನು ಮೆಲ್ಲಗೆ ಬಿಡಿಸಿ, ಬೇರೆ ತೆಗೆದು ಸಂತೆಯ ಫೋಟೋಗೆ ಕಳಿಸಿದೆ. ಉಳಿದಿಬ್ಬರನ್ನು ಛತ್ರದಲ್ಲಿದ್ದ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ ತಂದೆ. ಅಡುಗೆಮನೆಯಲ್ಲಿ ಒಲೆ ಆರಿಸುವ ಸದ್ದು ಕೇಳುತ್ತಿತ್ತು.

ಸರ್ವಮಂಗಳಮ್ಮ ಕೂಗಾಡುತ್ತಾರೆ ಎಂದು ತಯಾರಾಗಿದ್ದೆ. ಅವರು ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ದನಿ ತಗ್ಗಿಸಿ, "ಇವಳು ಅಲ್ಲಾಡಲ್ಲ ತಾನೇ?" ಎಂದು ಕೇಳಿದರು.

"ಅಲ್ಲಾಡಲ್ಲ," ಅಂದೆ.